ಲ್ಯಾಬ್‌ನ್ಯಾಗ ಕುಂತು ನೆಟ್ ಓದಿದ್ದು

ಎಂಎ ಕನ್ನಡ ಮಾಡ್ಕೊಂತ ನೆಟ್‌ಗೆ (ಕಾಲೇಜಿನ್ಯಾಗ ಪಾಠ ಹೇಳಾಕ ಬೇಕಾದ ಅರ್ಹತಾ ಪರೀಕ್ಷೆ) ಓದೋವಾಗ ದಿನಾ ಕುರುಗೋಡಿಂದ ಬಳ್ಳಾರಿಗೆ ಪಾಸ್ ಮ್ಯಾಲೆ ಓಡಾಡ್ತಿದ್ದೆ. ಕ್ಲಾಸ್ ಎರಡಕ್ಕ ಮುಗೀತಿತ್ತು, ನಾನು ಹಿಡಿಯೋ ಬಸ್ಸು ಐದೂವರೆಗೆ. ಲೈಬ್ರರಿ ಇತ್ತು ಖರೆ, ಆದ್ರ ಏಪ್ರಿಲ್‌ದಾಗ ಬಳ್ಳಾರಿ ಹೆಂಗಿರ್ತೈತಿ ಅಂತ ಗೊತ್ತೈತಲ್ಲ, ಫ್ಯಾನ್ ಕೆಳಗ ಕುಂತ್ರೂ ಒಲಿ ಮುಂದ ಕುಂತಂಗ. ಕಂಪ್ಯೂಟರ್ ಲ್ಯಾಬ್‌ನ್ಯಾಗ ಎಸಿ ಇತ್ತು. ಅದು ಮಷಿನ್ನಿಗೆ ಹಾಕಿದ್ದು, ನಮಗಲ್ಲ. ಮೊದಲು ಹೋಗಿದ್ದು ಅದಕ್ಕ, ಸುಳ್ಳ್ಯಾಕ ಹೇಳ್ಲಿ.

ಒಂದು ತಿಂಗಳು ಯೂಟ್ಯೂಬ್ ನೋಡೇ ಕಳದೆ. ಆಮೇಲೆ ಬಸ್ಸಿನ್ಯಾಗ ಬರೋವಾಗ್ಲೇ ಒಂದು ಚೀಟಿ ಬರಿಯಾಕ ಶುರು ಮಾಡಿದೆ, ಇವತ್ತು ಏನು ಹುಡುಕಬೇಕು, ನಾಕೈದು ಸಾಲು ಅಷ್ಟ. ಅದು ಸಿಕ್ಕ ಕೂಡ್ಲೇ ಮಾನಿಟರ್ ಆಫ್ ಮಾಡಿ, ಕೀಬೋರ್ಡ್ ಹಿಂದಕ್ಕ ಸರಿಸಿ, ಅದೇ ಟೇಬಲ್ ಮ್ಯಾಲೆ ನೋಟ್‌ಬುಕ್ ಇಟ್ಕೊಂಡು ಬರೀತಿದ್ದೆ. ಲ್ಯಾಬ್ ನೋಡ್ಕೊಳ್ಳೋ ಸರ್ ಒಂದಿನ "ಏನವ್ವಾ, ಕಂಪ್ಯೂಟರ್ ಬಂದ್ ಮಾಡಿ ಬರ್ಕೊಂತ ಕುಂದ್ರಾಕ ಇಲ್ಲಿಗ್ಯಾಕ ಬರ್ತಿ?" ಅಂದ್ರು. "ಹೊರಗ ಭಾಳ ಸೆಕಿ ಐತ್ರಿ ಸರ" ಅಂದೆ. ನಕ್ಕು ಸುಮ್ಮನಾದ್ರು.

ಶೋಧಗಂಗಾ ಅನ್ನೋ ವೆಬ್‌ಸೈಟಿನ್ಯಾಗ ಪಿಎಚ್‌ಡಿ ಪ್ರಬಂಧಗಳು ಅಧ್ಯಾಯ ಅಧ್ಯಾಯ ಬ್ಯಾರೆ ಪಿಡಿಎಫ್ ಇರ್ತಾವ, ಅದು ಭಾಳ ಅನುಕೂಲ ಆತು, ವಚನದ ಬಗ್ಗೆ ಬೇಕಾದ್ರ ಆ ಅಧ್ಯಾಯ ಒಂದೇ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರಾತು. ಪೆನ್‌ಡ್ರೈವ್ ಅಂದ್ರ ವೈರಸ್ಸು ಬಂದೇ ಬರ್ತೈತಿ, ಎರಡು ಸಲ ಫೋಲ್ಡರೆಲ್ಲಾ ಶಾರ್ಟ್‌ಕಟ್ ಆಗಿ ಕುಂತ್ವು, ಅವತ್ತಿಂದ ನನಗ ನಾನ ಮೇಲ್ ಮಾಡ್ಕೊಳ್ಳಾಕತ್ತಿದೆ. ಸೀನಿಯರ್ ಕೊಟ್ಟ ನೋಟ್ಸು ಹಳೇ ನುಡಿ ಫಾಂಟಿನ್ಯಾಗ ಇದ್ವು, ಫೋನ್‌ನ್ಯಾಗ ತೆಗದ್ರ ಬರೇ ಚಿತ್ತಾರ. ಲ್ಯಾಬ್‌ನ್ಯಾಗ ನುಡಿ ಸಾಫ್ಟ್‌ವೇರ್ ಇತ್ತು, ಅಲ್ಲೇ ಫೋನ್‌ನ್ಯಾಗೂ ಕಾಣೋ ಯೂನಿಕೋಡ್ ಅಕ್ಷರಕ್ಕ ಕನ್ವರ್ಟ್ ಮಾಡಿದೆ. ಅಲ್ಲಲ್ಲಿ ಅರ್ಕಾವತ್ತು ಎಡವಟ್ಟಾದ್ವು, ಕುಂತು ತಿದ್ದಿದೆ. ಹಂಗ ತಿದ್ದೋದ್ರಾಗ ಅರ್ಧ ಬಾಯಿಪಾಠ ಆತು!

ಆದ್ರ ಲ್ಯಾಬಿನ ಖರೆ ಉಪಯೋಗ ಗೊತ್ತಾಗಿದ್ದು ಮಾಕ್ ಟೆಸ್ಟ್ ಹಚ್ಚಿದ ಮ್ಯಾಲೆ. ನೆಟ್ ಪರೀಕ್ಷೆ 2018ರ ಡಿಸೆಂಬರ್‌ನಿಂದ ಕಂಪ್ಯೂಟರ್ ಮ್ಯಾಲೆ ಬಂತು, ಮೂರು ತಾಸು, 150 ಪ್ರಶ್ನೆ, 2019ರ ಜೂನ್‌ನಿಂದ ಎರಡೂ ಪೇಪರ್ ಒಂದೇ ಕುಂತಿಗಿ. ಫೋನ್‌ನ್ಯಾಗ ಪ್ರಾಕ್ಟೀಸ್ ಮಾಡಿದ್ರ ಅದು ತಿಳಿಯಂಗಿಲ್ಲ. ಡೇಟಾ ಇಂಟರ್‌ಪ್ರಿಟೇಶನ್‌ದಾಗ ಅಂಕಿಗಳ ಟೇಬಲ್ಲು ಸ್ಕ್ರೀನಿನ ಮ್ಯಾಲಿನ ಭಾಗದಾಗ ಇರ್ತೈತಿ, ಪ್ರಶ್ನೆ ಕೆಳಗ, ಸ್ಕ್ರೋಲ್ ಮಾಡೋದ್ರಾಗ ಅಂಕಿ ಮರ್ತು ಹೋಗ್ತೈತಿ. ಅದಕ್ಕ ಟೇಬಲ್ಲು ಕಂಡ ಕೂಡ್ಲೇ ರಫ್ ಶೀಟಿನ್ಯಾಗ ಗೀಚ್ಕೊಳ್ಳೋದು ರೂಢಿ ಮಾಡ್ಕೊಂಡೆ. ನೆಗೆಟಿವ್ ಮಾರ್ಕ್ಸ್ ಇಲ್ಲ, ಹಂಗಾಗಿ ಕೊನೇ ಹತ್ತು ನಿಮಿಷ ಕೆಂಪು ಬಣ್ಣದ ನಂಬರ್ (ನೋಡಿ ಉತ್ತರ ಹಾಕ್ದ ಬಿಟ್ಟ ಪ್ರಶ್ನೆ) ಒಂದೂ ಉಳೀಬಾರ್ದು ಅಂತ ಬರೇ ಅದಕ್ಕ ಇಡ್ತಿದ್ದೆ.

ಒಂದ್ಸಲ 130ನೇ ಪ್ರಶ್ನೆಗೆ ಕರೆಂಟ್ ಹೋತು, ಯುಪಿಎಸ್ ಕೀಂಯ್ ಅಂತ ಕೂಗಿ ಅದೂ ಹೋತು. ಅವತ್ತು ಅಳು ಬಂದಿತ್ತು.

ಜೆಆರ್‌ಎಫ್ (ಸಂಶೋಧನೆಗೆ ಕೊಡೋ ಫೆಲೋಶಿಪ್) ಸಿಗ್ಲಿಲ್ಲ, ಎರಡನೇ ಸಲಕ್ಕ ಲೆಕ್ಚರರ್ ಎಲಿಜಿಬಿಲಿಟಿ ಆತು. ಪೇಡೆ ತಗೊಂಡು ಲ್ಯಾಬಿಗೆ ಹೋದ್ರ ಸರ್ ತಲಿ ಎತ್ತಿ ನೋಡ್ಲಿಲ್ಲ, "ಚಪ್ಪಲಿ ಹೊರಗ ಬಿಟ್ಟು ಬಾರವ್ವ" ಅಂದ್ರು.