ಹುಡುಕಿಕೊಂಡು ಬರುವವರಿಗಾಗಿ ವಿಡಿಯೊ

ಕೀಲಿ ಕೊಡುವ ಹಳೆಯ ಗಡಿಯಾರಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ತೋರಿಸುವ ವಿಡಿಯೊಗಳನ್ನು ನಾನು ಮಾಡುತ್ತೇನೆ. ಕ್ಯಾಮೆರಾ ನನ್ನದು, ಕೈ ನನ್ನದು, ಧ್ವನಿ ನನ್ನದು, ಎಡಿಟಿಂಗ್ ಕೂಡ ನನ್ನದೇ. ವಿಡಿಯೊ ಇರುವ ಜಾಗ ಮಾತ್ರ ನನ್ನದಲ್ಲ. ಒಂಟಿಯಾಗಿ ಈ ಕೆಲಸ ಮಾಡುವವರ ಭಯವೆಲ್ಲ ಹುಟ್ಟುವುದು ಅಲ್ಲಿಂದಲೇ. ಹೊಸದಾಗಿ ಚಾನೆಲ್ ಶುರು ಮಾಡುವವರು ಯಾವ ಕ್ಯಾಮೆರಾ ಕೊಳ್ಳಬೇಕು, ಯಾವ ಮೈಕ್ ಕೊಳ್ಳಬೇಕು ಎಂದು ಕೇಳುತ್ತಾರೆ. ಕೈಯಲ್ಲಿರುವ ಮೊಬೈಲ್ ಸಾಕು, ಮೈಕಿಗೆ ಮಾತ್ರ ಸ್ವಲ್ಪ ಖರ್ಚು ಮಾಡಿ ಎಂದರೆ ಆ ಮಾತು ಮುಗಿಯಿತು. ಅಂಜಿಕೊಂಡೇ ಕೆಲಸ ಮುಂದುವರಿಸುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕೆನಿಸುವುದು ಅದನ್ನೇ.

ಮೊದಲನೆಯದು ನಿಯಮದ ಭಯ. ಯೂಟ್ಯೂಬ್ 2007ರಲ್ಲಿ ಪಾಲುದಾರಿಕೆ ಯೋಜನೆ ಆರಂಭಿಸಿ, ಜಾಹೀರಾತಿನ ಹಣದಲ್ಲಿ ವಿಡಿಯೊ ಮಾಡಿದವರಿಗೂ ಪಾಲು ಕೊಡತೊಡಗಿತು. 2012ರಲ್ಲಿ, ಯಾವ ವಿಡಿಯೊವನ್ನು ಯಾರ ಮುಂದೆ ತರಬೇಕು ಎಂಬ ಶಿಫಾರಸಿನ ಲೆಕ್ಕ ಬದಲಾಯಿತು. ಎಷ್ಟು ಮಂದಿ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ತೂಕ ಹೆಚ್ಚಿತು. ನನ್ನಂಥ ನಿಧಾನದವರಿಗೆ ಅದರಿಂದ ಅನುಕೂಲವೇ ಆಯಿತು. 2017ರಲ್ಲಿ ದೊಡ್ಡ ಕಂಪನಿಗಳು ತಮ್ಮ ಜಾಹೀರಾತು ಉಗ್ರವಾದಿ ವಿಡಿಯೊಗಳ ಜೊತೆ ಕಾಣಿಸಿಕೊಂಡಿತೆಂದು ಹಿಂದೆ ಸರಿದಾಗ, ಅಂಥ ವಿಡಿಯೊಗಳಿಗೂ ತಮಗೂ ಯಾವ ಸಂಬಂಧವೂ ಇಲ್ಲದವರ ಆದಾಯವೂ ಕುಸಿಯಿತು. 2018ರ ಜನವರಿಯಲ್ಲಿ ಹೊಸ ಗೆರೆ ಎಳೆದರು: 1,000 ಚಂದಾದಾರರಿರಬೇಕು, 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಆಗಿರಬೇಕು. ಗೆರೆಯ ಕೆಳಗಿದ್ದ ಸಣ್ಣ ಚಾನೆಲ್‌ಗಳಿಗೆ ಜಾಹೀರಾತಿನ ಹಣ ನಿಂತಿತು. ಇದೆಲ್ಲ ಜಾಗ ಉಳಿದುಕೊಂಡಾಗಿನ ಕಥೆ. ಆರು ಸೆಕೆಂಡಿನ ವಿಡಿಯೊಗಳ ತಾಣ ವೈನ್ 2013ರಲ್ಲಿ ಬಂದು 2017ರ ಹೊತ್ತಿಗೆ ಮುಚ್ಚಿಯೇ ಹೋಯಿತು. ಅದನ್ನೇ ನಂಬಿ ಹೆಸರು ಮಾಡಿದ್ದವರು ಬೇರೆ ಕಡೆ ಮೊದಲಿನಿಂದ ಶುರು ಮಾಡಬೇಕಾಯಿತು.

ಉದ್ದದ ವಿಡಿಯೊಗಳ ಜಾಹೀರಾತಿನಲ್ಲಿ ಮಾಡಿದವರ ಪಾಲು ಶೇ 55. ಕೇಳಲು ಚೆನ್ನಾಗಿದೆ, ಆದರೆ ಯಾವುದರ ಶೇ 55 ಎನ್ನುವುದು ನಮ್ಮ ಕೈಯಲ್ಲಿಲ್ಲ. ಹಾಸಿಗೆಯ ಉದ್ದವನ್ನು ತಿಂಗಳು ತಿಂಗಳೂ ಬೇರೆ ಯಾರೋ ನಿರ್ಧರಿಸುತ್ತಿದ್ದರೆ ಕಾಲು ಚಾಚುವುದಾದರೂ ಎಷ್ಟು? ಅದಕ್ಕೆ ನಾನು ಜಾಹೀರಾತಿನ ಹಣವನ್ನು ಮನೆಖರ್ಚಿಗೆ ಮುಟ್ಟುವುದಿಲ್ಲ. ಹಾರ್ಡ್ ಡಿಸ್ಕ್, ದೀಪ, ಉಪಕರಣ ಇಂಥವಕ್ಕೆ ಅದು ಹೋಗುತ್ತದೆ. ಮನೆ ನಡೆಯುವುದು ರಿಪೇರಿ ಕೆಲಸದಿಂದ ಮತ್ತು ತಿಂಗಳಿಗಿಷ್ಟು ಎಂದು ನೇರವಾಗಿ ಕಳಿಸುವ ಕೆಲವು ವೀಕ್ಷಕರಿಂದ. ಆ ಪಟ್ಟಿ ಚಿಕ್ಕದು. ಆದರೆ ನಿಯಮ ಬದಲಾದ ತಿಂಗಳಲ್ಲೂ ಅದು ಹಾಗೇ ಇರುತ್ತದೆ.

ಇನ್ನು ಹಕ್ಕುಸ್ವಾಮ್ಯ. ಗಂಟೆ ಬಾರಿಸುವ ಒಂದು ಗಡಿಯಾರವನ್ನು ಸರಿಪಡಿಸಿ, ಕೊನೆಗೆ ಅದು ವೆಸ್ಟ್‌ಮಿನ್‌ಸ್ಟರ್ ರಾಗ ನುಡಿಸುವುದನ್ನು ಮುದ್ರಿಸಿ ಹಾಕಿದ್ದೆ. ಆ ಶಬ್ದ ತನ್ನದೆಂದು ಒಂದು ಸಂಗೀತ ಸಂಸ್ಥೆಯ ಕ್ಲೇಮ್ ಬಂತು. ರಾಗ 1793ರಲ್ಲಿ ಕೇಂಬ್ರಿಜ್‌ನ ಸೇಂಟ್ ಮೇರಿ ಚರ್ಚಿನ ಗಡಿಯಾರಕ್ಕಾಗಿ ರಚಿಸಿದ್ದು. ಲಂಡನ್ನಿನ ಬಿಗ್ ಬೆನ್ ಗೋಪುರದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಅದಕ್ಕೆ ಈಗ ಯಾರೂ ಒಡೆಯರಿಲ್ಲ. ಆದರೆ ಯಾರೋ ತಮ್ಮ ಆಲ್ಬಮ್‌ನಲ್ಲಿ ಅದೇ ರಾಗವನ್ನು ಸೇರಿಸಿರುತ್ತಾರೆ, ಶಬ್ದಗಳನ್ನು ಹೋಲಿಸಿ ನೋಡುವ ಯಂತ್ರಕ್ಕೆ ಎರಡೂ ಒಂದೇ. 2018ರಲ್ಲಿ ಹತ್ತು ಗಂಟೆಗಳ ಬರೀ ಮೊರೆತದ ವಿಡಿಯೊ ಒಂದರ ಮೇಲೆ ಐದು ಕ್ಲೇಮ್‌ಗಳು ಬಿದ್ದದ್ದು ಸುದ್ದಿಯಾಗಿತ್ತು. ರಾಗವೇ ಇಲ್ಲದ ಶಬ್ದಕ್ಕೆ ಐದು ಒಡೆಯರು! ನನ್ನ ಗಡಿಯಾರಕ್ಕೆ ಒಬ್ಬರೇ ಬಂದದ್ದು ಪುಣ್ಯ.

ಇಲ್ಲಿ ಹೊಸಬರು ಗಾಬರಿಯಾಗುವುದು ಕ್ಲೇಮ್ ಮತ್ತು ಸ್ಟ್ರೈಕ್ ಎರಡನ್ನೂ ಒಂದೇ ಎಂದುಕೊಂಡು. ಕ್ಲೇಮ್ ಬಿದ್ದರೆ ಸಾಮಾನ್ಯವಾಗಿ ಆ ವಿಡಿಯೊದ ಹಣ ಇನ್ನೊಬ್ಬರಿಗೆ ಹೋಗುತ್ತದೆ ಅಥವಾ ವಿಡಿಯೊ ಕೆಲವೆಡೆ ಕಾಣಿಸುವುದಿಲ್ಲ, ಅಷ್ಟೆ. ಸ್ಟ್ರೈಕ್ ಬೇರೆ. ಅದು ಕಾನೂನಿನ ಪ್ರಕಾರ ವಿಡಿಯೊ ತೆಗೆಸಿದಾಗ ಬೀಳುವುದು. 90 ದಿನಗಳ ಒಳಗೆ ಮೂರಾದರೆ ಚಾನೆಲ್ಲೇ ಹೋಗಬಹುದು. ಕ್ಲೇಮ್‌ಗೆ ಆಕ್ಷೇಪ ಸಲ್ಲಿಸಿದರೆ ಎದುರಿನವರು 30 ದಿನಗಳಲ್ಲಿ ಉತ್ತರಿಸಬೇಕು. ಐದು ದಿನದೊಳಗೆ ಸಲ್ಲಿಸಿದರೆ ಮೊದಲ ದಿನದಿಂದಲೇ ಆ ಹಣವನ್ನು ಯಾರಿಗೂ ಕೊಡದೆ ತಡೆದಿಡುತ್ತಾರೆ, ಹಾಗಾಗಿ ಕೋಪ ಇಳಿಯಲೆಂದು ವಾರಗಟ್ಟಲೆ ಕಾಯಬೇಡಿ. ನನ್ನ ಆಕ್ಷೇಪದಲ್ಲಿ ಮೂರೇ ಮಾತುಗಳಿದ್ದವು: ರಾಗ 1793ರದು, ಮುದ್ರಣ ನನ್ನ ಮೇಜಿನ ಮೇಲೆ ನನ್ನ ಮೈಕಿನಿಂದ ಆದದ್ದು, ಪುಟ್ಟ ಸುತ್ತಿಗೆಗಳು ಸರಳುಗಳಿಗೆ ಬಡಿಯುವುದು ವಿಡಿಯೊದ ಇಂಥ ನಿಮಿಷದಲ್ಲಿ ಕಾಣುತ್ತದೆ. ಗಡುವು ಮುಗಿಯುವ ಹೊತ್ತಿಗೆ ಕ್ಲೇಮ್ ಮಾಯವಾಯಿತು. ಏಕೆ ಬಂತು, ಏಕೆ ಹೋಯಿತು ಎಂದು ಯಾರೂ ಹೇಳಲಿಲ್ಲ. ಆಗಿನಿಂದ ಗಂಟೆ ಹೊಡೆಯುವಾಗಲೆಲ್ಲ ಸುತ್ತಿಗೆಗಳು ಚೌಕಟ್ಟಿನೊಳಗೆ ಕಾಣುವಂತೆಯೇ ಕ್ಯಾಮೆರಾ ಇಡುತ್ತೇನೆ. ಕತ್ತರಿಸದ ಮೂಲ ಮುದ್ರಣವನ್ನು ಅಳಿಸುವುದಿಲ್ಲ.

ಇವೆರಡಕ್ಕಿಂತ ದೊಡ್ಡ ಭಯ ಇನ್ನೊಂದಿದೆ, ಯಾರಿಗೂ ಬೇಡವಾಗುವ ಭಯ. ಅದು ದಿನವೂ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಚಾನೆಲ್‌ನ ಲೆಕ್ಕವೆಲ್ಲ ತೋರಿಸುವ ಪುಟದಲ್ಲಿ, ಕುಳಿತಿರುತ್ತದೆ. ಹೊಸ ವಿಡಿಯೊ ಏರಿಸಿದ ಕೂಡಲೇ, ನೋಡಿದವರ ಲೆಕ್ಕದಲ್ಲಿ ಈಚಿನ ಹತ್ತರ ಪೈಕಿ ಇದು ಎಷ್ಟನೆಯದು ಎಂದು ಆ ಪುಟ ಹೇಳುತ್ತದೆ. ಹತ್ತರಲ್ಲಿ ಒಂಬತ್ತನೆಯದು ಎಂಬುದನ್ನು ಓದಿ ಮಲಗಿದವನಿಗೆ ನಿದ್ದೆ ಬರುವುದಿಲ್ಲ. ಮರುದಿನ ಅವನು ಮಾಡುವ ವಿಡಿಯೊವನ್ನು ಆ ಒಂಬತ್ತು ಎಂಬ ಅಂಕಿಯೇ ಮಾಡುತ್ತಿರುತ್ತದೆ. ವಿಡಿಯೊ ತೆರೆಯುವ ಮೊದಲು ಕಾಣುವ ಪುಟ್ಟ ಚಿತ್ರಗಳಲ್ಲಿ, ಥಂಬ್‌ನೇಲ್‌ಗಳಲ್ಲಿ, ಬಾಯಿ ಬಿಟ್ಟುಕೊಂಡು ನಿಂತಿರುವ ಮುಖಗಳು ಎಲ್ಲಿಂದ ಬಂದವು ಎಂದುಕೊಂಡಿರಿ? ಅವರೆಲ್ಲ ಹುಟ್ಟಾ ಬಾಯಿ ಬಿಡುವವರಲ್ಲ, ಪಾಪ.

ನನ್ನನ್ನು ಇದರಿಂದ ಹೊರಗೆ ತಂದದ್ದು ಅದೇ ಡ್ಯಾಶ್‌ಬೋರ್ಡ್‌ನ ಇನ್ನೊಂದು ಮೂಲೆ. ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಪಾಲು ಜನ ಇನ್ನೂ ನೋಡುತ್ತಿದ್ದಾರೆ ಎಂದು ತೋರಿಸುವ ಒಂದು ರೇಖೆ ಅಲ್ಲಿ ಸಿಗುತ್ತದೆ. ಅದು ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಇಳಿಯುತ್ತಲೇ ಹೋಗುತ್ತದೆ. ನನ್ನದೂ ಹಾಗೆಯೇ ಇಳಿದು ಇಳಿದು, ನಡುವೆ ಒಂದು ಕಡೆ ಮಾತ್ರ ಗುಡ್ಡದಂತೆ ಎದ್ದು ಶೇ 100ನ್ನೂ ದಾಟಿತ್ತು. ಬಂದವರಿಗಿಂತ ಹೆಚ್ಚು ಜನ ನೋಡುವುದು ಸಾಧ್ಯವಿಲ್ಲ. ನೋಡಿದವರೇ ಹಿಂದಕ್ಕೆ ಎಳೆದು ಎರಡೆರಡು ಬಾರಿ ನೋಡಿದರೆ ಮಾತ್ರ ರೇಖೆ ಹಾಗೆ ಏರುತ್ತದೆ. ಆ ಜಾಗದಲ್ಲಿ ನಾನು ತೋರಿಸುತ್ತಿದ್ದುದು ಮುಖ್ಯ ಸ್ಪ್ರಿಂಗ್‌ನ ಬಿಗಿ ಇಳಿಸುವುದನ್ನು.

ಕೀಲಿ ಕೊಟ್ಟ ಗಡಿಯಾರದ ಸ್ಪ್ರಿಂಗ್ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಅದನ್ನು ಇಳಿಸದೆ ಫಲಕಗಳ ತಿರುಪು ಬಿಚ್ಚಿದರೆ ಚಕ್ರಗಳ ಹಲ್ಲುಗಳು ಮುರಿಯುತ್ತವೆ, ಬೆರಳಿಗೂ ಅಪಾಯ. ನುಣುಪಾದ ಹಿಡಿಯಿರುವ ಕೀಲಿ ತೊಡಿಸಿ, ಸ್ವಲ್ಪವೇ ಬಿಗಿಮಾಡಿ, ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ತಡೆದಿರುವ ಚಿಕ್ಕ ಕೊಕ್ಕೆಯನ್ನು ಪಕ್ಕಕ್ಕೆ ಸರಿಸಿ ಹಿಡಿದು, ಹಿಡಿಯನ್ನು ಅಂಗೈಯೊಳಗೆ ನಿಧಾನವಾಗಿ ಜಾರಲು ಬಿಡಬೇಕು. ಹಿಡಿತ ಪೂರ್ತಿ ಸಡಿಲಿಸಿದರೆ ಕೆಟ್ಟಿತು. ಈ ಭಾಗವನ್ನು ಹಿಂದಕ್ಕೆ ಎಳೆದು ನೋಡುವವರು ಹೊತ್ತು ಕಳೆಯಲು ಬಂದವರಲ್ಲ. ಅವರ ಮುಂದೆ ಗಡಿಯಾರ ಬಿಚ್ಚಿಕೊಂಡು ಬಿದ್ದಿದೆ, ಕೈಯಲ್ಲಿ ಕೀಲಿ ಇದೆ. ಎಲ್ಲಿಂದ ಬಂದರು ಎಂದು ನೋಡಿದರೆ ಹೆಚ್ಚಿನವರು ಹುಡುಕಾಟದಿಂದ ಬಂದವರು. ಯಂತ್ರ ಅವರ ಮುಂದೆ ನನ್ನ ವಿಡಿಯೊ ತಂದು ಸುರಿದಿರಲಿಲ್ಲ, ಅವರೇ ಕೇಳಿಕೊಂಡು ಬಂದಿದ್ದರು.

ಅಲ್ಲಿಂದ ನಾನು ಮಾಡುವ ರೀತಿಯೇ ಬದಲಾಯಿತು. ಶೀರ್ಷಿಕೆಯಲ್ಲಿ ಕುತೂಹಲ ಕೆರಳಿಸುವುದು ಬಿಟ್ಟೆ. ಗಡಿಯಾರದ ಜಾತಿ, ಅದರ ದೋಷ, ಎರಡನ್ನೇ ಬರೆಯುತ್ತೇನೆ. ಮೊದಲ ವಾಕ್ಯದಲ್ಲೇ ಯಾವ ರೋಗಕ್ಕೆ ಈ ಮದ್ದು, ಯಾವುದಕ್ಕೆ ಅಲ್ಲ ಎಂದು ಹೇಳಿಬಿಡುತ್ತೇನೆ. ಬೇರೆ ರೋಗದವರು ಹತ್ತು ನಿಮಿಷ ಕಳೆದುಕೊಳ್ಳುವುದು ಬೇಡ. ಹಿನ್ನೆಲೆ ಸಂಗೀತ ತೆಗೆದೆ, ಏಕೆಂದರೆ ಲೋಲಕದ ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮವಾಗಿದೆಯೋ ಇಲ್ಲವೋ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಸ್ಪ್ರಿಂಗ್ ಇಳಿಸುವ ಭಾಗಕ್ಕೆ ಕತ್ತರಿ ಮುಟ್ಟಿಸುವುದಿಲ್ಲ. ಬೇಕಾದ ಜಾಗಕ್ಕೆ ನೇರ ಹಾರಲು ವಿಡಿಯೊವನ್ನು ಅಧ್ಯಾಯಗಳಾಗಿ ಒಡೆದೆ. ಜನ ಬೇಕಾದ್ದನ್ನು ಮಾತ್ರ ನೋಡಿ ಎದ್ದು ಹೋಗುತ್ತಾರೆ, ನೋಡುವ ಹೊತ್ತಿನ ಸರಾಸರಿ ಬೀಳುತ್ತದೆ ಎಂದು ಜೊತೆಗಾರರು ಬೈದರು. ಬಿದ್ದದ್ದು ನಿಜ. ಬೀಳಲಿ ಎಂದು ಬಿಟ್ಟಿದ್ದೇನೆ. ಇಂಥ ವಿಡಿಯೊ ಮೊದಲ ದಿನ ಹತ್ತರಲ್ಲಿ ಒಂಬತ್ತನೆಯದಾಗಿಯೇ ಹುಟ್ಟುತ್ತದೆ. ಆದರೆ ವರ್ಷಗಳ ಹಿಂದಿನವನ್ನು ಈಗಲೂ ದಿನವೂ ಯಾರೋ ಹುಡುಕಿ ತೆರೆಯುತ್ತಾರೆ, ನಾನು ಹೊಸದನ್ನು ಏರಿಸದ ತಿಂಗಳಲ್ಲೂ. ವಾರಕ್ಕೊಂದು ವಿಡಿಯೊ ಹಾಕದಿದ್ದರೆ ಮರೆತುಬಿಡುತ್ತಾರೆ ಎಂಬ ಹೆದರಿಕೆ ಹೋದದ್ದು ಹೀಗೆ. ನಗಿಸುವವರಿಗೆ, ಸುದ್ದಿ ಹೇಳುವವರಿಗೆ ಈ ದಾರಿ ನಡೆಯುವುದಿಲ್ಲವೆಂದು ನನಗೂ ಗೊತ್ತು. ಅವರನ್ನು ಯಾರೂ ಹುಡುಕಾಟದಲ್ಲಿ ಹೆಸರಿಟ್ಟು ಕೇಳುವುದಿಲ್ಲ, ಅವರ ಭಯ ನನ್ನದಕ್ಕಿಂತ ಕಠಿಣ.

ಈಚಿನ ಭಯ ಕೃತಕ ಬುದ್ಧಿಮತ್ತೆಯದು. ನನ್ನ ಒಂದು ವಿಡಿಯೊವನ್ನು ಎಡಬಲ ಅದಲುಬದಲಾಗಿ ತಿರುಗಿಸಿ, ಯಂತ್ರದ ಧ್ವನಿ ಕೂಡಿಸಿ ಯಾರೋ ತಮ್ಮ ಚಾನೆಲ್‌ಗೆ ಏರಿಸಿದ್ದರು. ಕದಿಯಲು ಗಡಿಯಾರವನ್ನೇ ಆರಿಸಿಕೊಂಡದ್ದು ಅವರ ದುರದೃಷ್ಟ. ಅಂಕಿಗಳೆಲ್ಲ ಉಲ್ಟಾ, ಮುಳ್ಳುಗಳು ಹಿಂದಕ್ಕೆ ಓಡುತ್ತಿದ್ದವು. ನಗು ಬಂತು, ಆದರೆ ಪೂರ್ತಿ ಕೇಳಿದ ಮೇಲೆ ನಗು ನಿಂತಿತು. ಆ ಧ್ವನಿ ಸ್ಪ್ರಿಂಗ್ ಇಳಿಸುವ ಮಾತನ್ನೇ ಬಿಟ್ಟು ನೇರ ತಿರುಪು ಬಿಚ್ಚಲು ಹೇಳುತ್ತಿತ್ತು. ತೆಗೆಸುವ ಕೋರಿಕೆ ಸಲ್ಲಿಸಿದೆ, ವಿಡಿಯೊ ಹೋಯಿತು. ಹೀಗೆ ಕೋರುವವರ ಹೆಸರು ಎದುರಿನವರಿಗೆ ತಿಳಿಯುತ್ತದೆ ಎಂಬುದು ಗೊತ್ತಿರಲಿ. ಒಂಟಿಯಾಗಿ ಕೆಲಸ ಮಾಡುವ ಅನೇಕರು, ಅದರಲ್ಲೂ ಮಹಿಳೆಯರು, ಅದೇ ಕಾರಣಕ್ಕೆ ಸುಮ್ಮನಾಗುತ್ತಾರೆ. ನಿಜವೆಂದೇ ತೋರುವಂತೆ ಬದಲಿಸಿದ ಅಥವಾ ಕೃತಕವಾಗಿ ಸೃಷ್ಟಿಸಿದ ದೃಶ್ಯವಿದ್ದರೆ ಹೇಳಬೇಕೆಂಬ ನಿಯಮವನ್ನು ಯೂಟ್ಯೂಬ್ 2024ರ ಮಾರ್ಚ್‌ನಲ್ಲಿ ತಂದಿದೆ. ಕದಿಯುವವನು ತಾನಾಗಿ ಹೇಳಿಕೊಳ್ಳುತ್ತಾನೆಯೇ ಎಂಬ ಪ್ರಶ್ನೆ ಹಾಗೇ ಇದೆ. ಆದರೂ ಯಂತ್ರ ಬರೆದ ಪಾಠ ನಂಬಿ ಗಡಿಯಾರ ಕೆಡಿಸಿಕೊಂಡವರು ಆಮೇಲೆ ಕೈ ಕಾಣುವ ವಿಡಿಯೊ ಹುಡುಕುತ್ತಾರೆ. ಹಲ್ಲು ಮುರಿದ ಚಕ್ರದ ಚಿತ್ರದೊಂದಿಗೆ ಅಂಥ ಪತ್ರಗಳು ನನಗೆ ಬರತೊಡಗಿವೆ.

ಪತ್ರ ಬರುವುದು ಇಮೇಲ್‌ಗೆ. ಚಂದಾದಾರರ ಸಂಖ್ಯೆ ಎಷ್ಟಿದ್ದರೂ ಅವರ ವಿಳಾಸ ನಮ್ಮಲ್ಲಿರುವುದಿಲ್ಲ, ಚಾನೆಲ್ ಹೋದರೆ ಅವರಿಗೆ ಹೇಳಿ ಕಳಿಸಲೂ ದಾರಿಯಿಲ್ಲ. ಅದಕ್ಕೆ ಪ್ರತಿ ವಿಡಿಯೊದ ಕೆಳಗೆ ನನ್ನದೇ ಒಂದು ಪುಟದ ಕೊಂಡಿ ಇಟ್ಟು, ಬೇಕೆಂದವರು ಅಲ್ಲಿ ಇಮೇಲ್ ಕೊಡುವಂತೆ ಮಾಡಿದ್ದೇನೆ. ಮೂಲ ಕಡತಗಳು ಎರಡು ಡಿಸ್ಕ್‌ಗಳಲ್ಲಿ, ಎರಡು ಮನೆಗಳಲ್ಲಿವೆ.

ಹೀಗೆ ಒಂಟಿಯಾಗಿ ವಿಡಿಯೊ ಮಾಡುವವರು ಒಟ್ಟಾಗುವ ಪ್ರಯತ್ನಗಳು ದೊಡ್ಡ ಮಟ್ಟದಲ್ಲೂ ನಡೆದಿವೆ. ಅಮೆರಿಕದಲ್ಲಿ 2016ರಲ್ಲಿ ಹುಟ್ಟಿದ ಅಂಥವರ ಸಂಘ ಇಂಟರ್‌ನೆಟ್ ಕ್ರಿಯೇಟರ್ಸ್ ಗಿಲ್ಡ್ 2019ರಲ್ಲಿ ಮುಚ್ಚಿತು. ಅದೇ ವರ್ಷ ಜರ್ಮನಿಯ ಲೋಹ ಕಾರ್ಮಿಕರ ಸಂಘ ಐಜಿ ಮೆಟಾಲ್ ಯೂಟ್ಯೂಬರ್‌ಗಳ ಜೊತೆ ಸೇರಿ ಫೇರ್‌ಟ್ಯೂಬ್ ಎಂಬ ಅಭಿಯಾನ ನಡೆಸಿತು. ನಮ್ಮದು ಅಷ್ಟು ದೊಡ್ಡದೇನಲ್ಲ. ರಿಪೇರಿ ವಿಡಿಯೊ ಮಾಡುವ ಕೆಲವರು ಏರಿಸುವ ಮೊದಲು ಒಬ್ಬರದನ್ನೊಬ್ಬರು ನೋಡಿ ತಿದ್ದುತ್ತೇವೆ. ಈಚೆಗೆ ಖರ್ಚು ಹಂಚಿಕೊಂಡು ಪಿಯರ್‌ಟ್ಯೂಬ್‌ನಲ್ಲಿ ನಮ್ಮದೇ ಒಂದು ಸರ್ವರ್ ನಡೆಸುತ್ತಿದ್ದೇವೆ. ಪಿಯರ್‌ಟ್ಯೂಬ್ ಎಂದರೆ ಯಾರು ಬೇಕಾದರೂ ತಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದಾದ ಮುಕ್ತ ತಂತ್ರಾಂಶ. ಅಲ್ಲಿ ನೋಡುವವರು ಬೆರಳೆಣಿಕೆಯಷ್ಟು. ಇದೇಕೆ ಬೇಕು ಎಂದು ಗುಂಪಿನ ಅರ್ಧ ಜನ ಪ್ರತಿ ಸಲ ಕೇಳುತ್ತಾರೆ, ಪ್ರತಿ ಸಲ ಹಣವನ್ನೂ ಕೊಡುತ್ತಾರೆ. ಡಿಸ್ಕ್ ತುಂಬುತ್ತಿದೆ. ಹಳೆಯ ವಿಡಿಯೊಗಳ ಗಾತ್ರ ಕುಗ್ಗಿಸುವುದೋ ಇನ್ನೊಂದು ಡಿಸ್ಕ್ ಸೇರಿಸುವುದೋ ಎಂಬುದು ಈ ವಾರದ ಜಗಳ.