ಉಳಿಯುವ ಸಂಖ್ಯೆಯಿಂದಲೇ ಭಾಗಿಸಿ: ಕರಣಿಗಳ ಸರಳೀಕರಣದಲ್ಲಿ ನನ್ನ ಅನುಭವ

ಗದಗ-ಬೆಟಗೇರಿಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯವರಿಗೆ ಗಣಿತದ ಟ್ಯೂಶನ್ ಹೇಳುವ ನಾನು, ಕರಣಿಯೊಳಗಿನ (ಅಂದರೆ √72ರಂತೆ ಪೂರ್ಣಸಂಖ್ಯೆಯಾಗಿ ಬಾರದ ಮೂಲದೊಳಗಿನ) ದೊಡ್ಡ ವರ್ಗಸಂಖ್ಯೆಯನ್ನು ಹುಡುಕುವ ಪದ್ಧತಿಯನ್ನೇ ಕೈಬಿಟ್ಟಿದ್ದೇನೆ. ಕೊನೆಗೆ ಮೂಲಚಿಹ್ನೆಯ ಒಳಗೆ ಉಳಿಯಬಹುದಾದ 2, 3, 5, 6, 7, 10 ಎಂಬ ಸಣ್ಣ ಸಂಖ್ಯೆಗಳಿಂದ ಮೊದಲೇ ಭಾಗಿಸಿ, ಭಾಗಲಬ್ಧ ಪೂರ್ಣವರ್ಗವೇ ಎಂದು ನೋಡುವುದಷ್ಟೇ ನನ್ನ ವಿಧಾನ. 72ನ್ನು 2ರಿಂದ ಭಾಗಿಸಿದರೆ 36, ಆದ್ದರಿಂದ √72 = 6√2. 147ನ್ನು 3ರಿಂದ ಭಾಗಿಸಿದರೆ 49, ಆದ್ದರಿಂದ √147 = 7√3. ಇದು ಅಡ್ಡದಾರಿ, ಹಂತದ ಅಂಕಗಳು ಹೋಗುತ್ತವೆ ಎಂದು ಪರಿಚಯದ ಹಿರಿಯ ಶಿಕ್ಷಕರು ನಕ್ಕಿದ್ದರು. ಆದರೆ ಭಾಗಾಕಾರ ನಡೆಯುವುದು ಹಾಳೆಯ ಅಂಚಿನಲ್ಲಿ; ಉತ್ತರದಲ್ಲಿ ಬರೆಯುವುದು ಎಂದಿನಂತೆ √(36×2) = 6√2 ಎಂದೇ. ಅಂದು ನಕ್ಕವರಲ್ಲಿ ಒಬ್ಬರು ಈಗ ತಮ್ಮ ಮಗಳನ್ನು ನನ್ನಲ್ಲಿಗೇ ಕಳಿಸುತ್ತಿದ್ದಾರೆ.

ಹಿಂದಿನ ಪ್ರಯತ್ನಗಳಿಗೆ ಹಣವೂ ಹೋಯಿತು. ಅವಿಭಾಜ್ಯ ಅಪವರ್ತನಗಳನ್ನು ಜೋಡಿ ಮಾಡಿಸಲು ಬಣ್ಣದ ಕಾರ್ಡುಗಳನ್ನು ಮುದ್ರಿಸಿ ಲ್ಯಾಮಿನೇಶನ್ ಮಾಡಿಸಿದ್ದೆ; ಸುಮಾರು ಎರಡು ಸಾವಿರ ರೂಪಾಯಿ ತಗುಲಿತು. ಮಕ್ಕಳು ಇಸ್ಪೀಟಿನ ಹಾಗೆ ಉತ್ಸಾಹದಿಂದ ಆಡಿದರು, ಕಾರ್ಡು ಕೈಯಲ್ಲಿಲ್ಲದಾಗ ಮಾತ್ರ ಜೋಡಿಗಳನ್ನು ಮರೆತರು. ವರ್ಗಸಂಖ್ಯೆಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದಾಗ ಇನ್ನೊಂದು ತೊಡಕು ಎದುರಾಯಿತು: 72 ಕಂಡೊಡನೆ 4×18 ಎಂದು ಒಡೆದು, 2√18ಕ್ಕೇ ನಿಲ್ಲಿಸಿ, ಕೆಳಗೆ ಎರಡು ಗೆರೆ ಎಳೆದುಬಿಡುತ್ತಿದ್ದರು. ಉಳಿಯುವ ಸಂಖ್ಯೆಯಿಂದ ಭಾಗಿಸುವಾಗ ಈ ಅರ್ಧ ಉತ್ತರಕ್ಕೆ ಅವಕಾಶವೇ ಇಲ್ಲ, ಏಕೆಂದರೆ ನನ್ನ ಪಟ್ಟಿಯ ಯಾವ ಸಂಖ್ಯೆಯೊಳಗೂ ವರ್ಗ ಅಡಗಿಲ್ಲ.

ಈಗಿನ ವಿಧಾನದ ಅಭ್ಯಾಸಕ್ಕೆ ಬೇಕಾದ ಕಾರ್ಡುಗಳನ್ನು ಇಲ್ಲಿಯ ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಕಾಗದದಿಂದ ಮಾಡಿಕೊಂಡಿದ್ದೇನೆ. ಒಂದು ಕಟ್ಟಿಗೆ ನಲವತ್ತು ರೂಪಾಯಿ ಕೊಟ್ಟ ನೆನಪು. ಮೂವತ್ತು ಲೆಕ್ಕಗಳನ್ನು ಸಾಧಾರಣ ವಿದ್ಯಾರ್ಥಿಯೂ ಹೆಚ್ಚುಕಡಿಮೆ ಹತ್ತು ನಿಮಿಷದಲ್ಲಿ ಮುಗಿಸುತ್ತಾನೆ. ಯಾವ ಸಂಖ್ಯೆಯ ನಂತರ ಯಾವುದನ್ನು ಕೊಡಬೇಕೆಂಬ ಅನುಕ್ರಮವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ; ಅದು ನನ್ನ ಹೊಟ್ಟೆಪಾಡು.

ಹೆಚ್ಚು ಲಾಭವಾದದ್ದು ವರ್ಗಸಮೀಕರಣದಲ್ಲಿ. (6 ± √48)/2 ಎಂಬಲ್ಲಿಗೆ ಬಂದವರು 6ನ್ನು ಮಾತ್ರ 2ರಿಂದ ಹೊಡೆದು 3 ± √48 ಎಂದು ಬರೆಯುವುದನ್ನು ನಾವೆಲ್ಲ ಕಂಡಿದ್ದೇವೆ. 48ನ್ನು 3ರಿಂದ ಭಾಗಿಸಿ 4√3 ಎಂದು ಬರೆಯದೆ ಛೇದವನ್ನು ಮುಟ್ಟಬಾರದೆಂಬ ಕಟ್ಟಳೆ ಹಾಕಿದ ಮೇಲೆ 3 ± 2√3 ತಾನಾಗಿ ಬರತೊಡಗಿತು.

ತಾಳೆ ನೋಡಲು ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿರುವ ಕರಣಿ ಸಂಕಲನವನ್ನೂ (ಕರಣಿಗಳನ್ನು ಕೂಡುವ ಕ್ರಮವನ್ನೂ) ಪ್ರಯೋಗಿಸಿದೆ. √2 + √8 ಎಂಬಲ್ಲಿ ಎರಡೂ ಸಂಖ್ಯೆಗಳ ಮೊತ್ತ 10, ಗುಣಲಬ್ಧದ ವರ್ಗಮೂಲದ ಇಮ್ಮಡಿ 8, ಒಟ್ಟು 18. ಉತ್ತರ √18, ಅಂದರೆ 3√2. ಜಾಣರಿಗೆ ಇದು ಬಹಳ ಹಿಡಿಸಿತು. ಉಳಿದವರು √2 + √8 = √10 ಎಂಬ ಹಳೆಯ ತಪ್ಪಿಗೇ ಮರಳಿದ್ದರಿಂದ ಅದನ್ನು ಎಲ್ಲರಿಗೂ ಕಲಿಸುವುದನ್ನು ನಿಲ್ಲಿಸಿದೆ.

√176 ಬಂದಾಗ ಪಟ್ಟಿ ಕೈಕೊಡುತ್ತದೆ, ಏಕೆಂದರೆ ಅಲ್ಲಿ ಉಳಿಯುವುದು 11. ಆಗ ಅವಿಭಾಜ್ಯ ಅಪವರ್ತನವೇ ಗತಿ. ಘನಮೂಲಕ್ಕೂ ಇದೇ ಕ್ರಮ ನಡೆಯುತ್ತದೆಯಾದರೂ ಪಟ್ಟಿಗೆ 4 ಮತ್ತು 9ನ್ನು ಸೇರಿಸಿಕೊಳ್ಳಬೇಕು: 32ನ್ನು 4ರಿಂದ ಭಾಗಿಸಿದರೆ 8, ಆದ್ದರಿಂದ ∛32 = 2∛4.