ಜಲಾಶಯದ ಸುತ್ತಲಿನ ಭೂಮಿಯನ್ನು ಉಳಿಸಿಕೊಂಡ ಬಗೆ: ನನ್ನ ಅನುಭವ

ಕುಡಿಯುವ ನೀರಿನ ಜಲಾಶಯವೊಂದಕ್ಕೆ ನೀರು ಹರಿದುಬರುವ ಭೂಮಿ ನಿವೇಶನಗಳಾಗಿ, ರೆಸಾರ್ಟುಗಳಾಗಿ ಒಡೆದುಹೋಗದಂತೆ ತಡೆಯುವ ಕೆಲಸದಲ್ಲಿ ನಾನು ಹಲವು ವರ್ಷಗಳಿಂದ ತೊಡಗಿಕೊಂಡಿದ್ದೇನೆ. ನಮ್ಮದು ಒಂದು ಸಣ್ಣ ಟ್ರಸ್ಟ್. ನೀರು ಸರಬರಾಜು ಮಂಡಳಿಯ ಜೊತೆಗೂಡಿ ಭೂಮಾಲೀಕರ ಬಳಿಗೆ ಹೋಗುತ್ತೇವೆ. ಅವರು ಒಪ್ಪಿದರೆ ಭೂಮಿಯನ್ನೇ ಕೊಳ್ಳುತ್ತೇವೆ, ಇಲ್ಲವೇ ಭೂಮಿಯನ್ನು ಅವರಲ್ಲೇ ಉಳಿಸಿ, ಅದರ ಮೇಲೆ ಕಟ್ಟಡ ಎಬ್ಬಿಸುವ ಹಕ್ಕನ್ನಷ್ಟೇ ಕೊಳ್ಳುತ್ತೇವೆ. ಈ ಕೆಲಸದಿಂದ ನನಗೆ ದೃಢವಾದದ್ದೆಂದರೆ, ಸರ್ಕಾರಿ ಆದೇಶದ ಬಲದಿಂದ ಉಳಿದ ಭೂಮಿ ಆ ಆದೇಶ ಜಾರಿಯಲ್ಲಿರುವ ತನಕ ಮಾತ್ರ ಉಳಿಯುತ್ತದೆ. ಭೂದಾಖಲೆಯಲ್ಲಿ ನೋಂದಣಿಯಾದ ನಿರ್ಬಂಧ ಮಾಲೀಕರು ಬದಲಾದರೂ ಭೂಮಿಯ ಜೊತೆಗೇ ಸಾಗುತ್ತದೆ.

ಆದೇಶಗಳು ಎಷ್ಟು ಬಿಗಿಯಾಗಿದ್ದರೂ ಅವುಗಳ ಆಯುಷ್ಯ ಅನಿಶ್ಚಿತ ಎಂಬುದಕ್ಕೆ ಹೈದರಾಬಾದಿನ ಉದಾಹರಣೆಯಿದೆ. 1908ರ ಮೂಸಿ ನದಿಯ ಪ್ರವಾಹದ ನಂತರ ಕಟ್ಟಲಾದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ರಕ್ಷಣೆಗಾಗಿ 1996ರಲ್ಲಿ ಹೊರಟ 111ನೇ ಸಂಖ್ಯೆಯ ಆದೇಶವು 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು ಮತ್ತು ವಸತಿ ಬಡಾವಣೆಗಳನ್ನು ನಿಷೇಧಿಸಿತು. ಆ ವ್ಯಾಪ್ತಿಯೊಳಗೆ ಕಾರ್ಖಾನೆ ತೆರೆಯಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, 1999ರ ತೀರ್ಪು ಮುನ್ನೆಚ್ಚರಿಕೆಯ ತತ್ವವನ್ನು ಎತ್ತಿಹಿಡಿದು, ಹಾನಿಯಾಗುವುದಿಲ್ಲವೆಂದು ತೋರಿಸುವ ಹೊಣೆ ಕಾರ್ಖಾನೆ ಹೂಡುವವರದೇ ಎಂದು ಹೇಳಿತು. ಇಷ್ಟು ಗಟ್ಟಿಯಾದ ತೀರ್ಪಿನ ಬೆಂಬಲವಿದ್ದ ನಿರ್ಬಂಧಗಳನ್ನು 2022ರಲ್ಲಿ ಸರ್ಕಾರವೇ ಇನ್ನೊಂದು ಆದೇಶದ ಮೂಲಕ ತೆಗೆದುಹಾಕಿತು. ಬೆಂಗಳೂರಿನ ಪಕ್ಕದ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೂ, ಅಂದರೆ ಅದಕ್ಕೆ ನೀರು ಹರಿದುಬರುವ ಭೂಮಿಗೂ, 2003ರಲ್ಲಿ ಅಧಿಸೂಚನೆ ಬಂದಿತ್ತು. 2019ರಲ್ಲಿ ಅದು ಸಡಿಲಗೊಂಡಿತು. ಆದೇಶಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವು ನಮಗೆ ಸಮಯ ದೊರಕಿಸಿಕೊಡುತ್ತವೆ. ಆ ಸಮಯದಲ್ಲಿ ಭೂಮಿಯ ಹಕ್ಕನ್ನು ಭದ್ರಪಡಿಸಿಕೊಳ್ಳಬೇಕು.

ಯಾವ ಭೂಮಿಯನ್ನು ಮೊದಲು ಉಳಿಸಬೇಕು ಎಂಬುದೇ ಈ ಕೆಲಸದ ಕಠಿಣ ಪ್ರಶ್ನೆ. ಹಣ ತರಲು ಹೊರಟಾಗ ಎಲ್ಲರೂ ಜಲಾಶಯದ ದಡದ ಭೂಮಿಯನ್ನೇ ತೋರಿಸುತ್ತಾರೆ, ಏಕೆಂದರೆ ಕಣ್ಣಿಗೆ ಬೀಳುವುದು ಅದು. ಆದರೆ ಜಲಾಶಯದ ನೀರಿನ ಬಹುಪಾಲು ಬರುವುದು ನಕ್ಷೆಯಲ್ಲಿ ಹೆಸರೂ ಇಲ್ಲದ ಸಣ್ಣ ಹಳ್ಳಗಳಿಂದ. ಆದ್ದರಿಂದ ನಾವು ಸರ್ವೆ ನಕ್ಷೆಯ ಮೇಲೆ ಎತ್ತರದ ಗೆರೆಗಳನ್ನು ಕೂಡಿಸಿ, ಪ್ರತಿಯೊಂದು ಹಿಡುವಳಿಯಿಂದಲೂ ಮಳೆನೀರು ಯಾವ ಹಳ್ಳಕ್ಕೆ ಇಳಿಯುತ್ತದೆ, ಎಷ್ಟು ಬೇಗ ಜಲಾಶಯ ಸೇರುತ್ತದೆ ಎಂಬುದನ್ನು ಗುರುತಿಸಿದೆವು. ಬಳಿಕ ಆ ನಕ್ಷೆಯನ್ನು ಹಿಡಿದು ಮಳೆ ಸುರಿಯುವಾಗಲೇ ಹಳ್ಳಗುಂಟ ನಡೆದೆವು. ಬೇಸಿಗೆಯಲ್ಲಿ ಒಣಗಿ ಹುಲ್ಲು ಬೆಳೆದಿರುವ ತಗ್ಗು ಜೋರು ಮಳೆಯಲ್ಲಿ ಮೊಣಕಾಲುದ್ದ ನೀರು ಹರಿಸುತ್ತದೆ ಎಂಬುದು ಉಪಗ್ರಹ ಚಿತ್ರದಲ್ಲಿ ಕಾಣುವುದಿಲ್ಲ.

ಅಂಥ ಒಂದು ನಡಿಗೆಯಲ್ಲಿ, ಎರಡು ಹಳ್ಳಗಳು ರಸ್ತೆಯ ಮೋರಿಯೊಂದರ ಬಳಿ ಕೂಡುವಲ್ಲಿ ನಿಂತು ಎರಡರಿಂದಲೂ ಬೇರೆಬೇರೆ ಬಾಟಲಿಗೆ ನೀರು ತುಂಬಿಕೊಂಡೆ. ಮರಗಳ ನಡುವಿನಿಂದ ಬಂದ ಹಳ್ಳದ ನೀರು ತೆಳುವಾದ ಚಹಾದ ಬಣ್ಣದಲ್ಲಿದ್ದರೂ ಬಾಟಲಿಯ ಆಚೆಗೆ ಹಿಡಿದ ಬೆರಳು ಕಾಣುತ್ತಿತ್ತು. ಇನ್ನೊಂದು ಹಳ್ಳದ ಮೇಲ್ಭಾಗದಲ್ಲಿ ಬಡಾವಣೆಗೆಂದು ನೆಲವನ್ನು ಆಗಷ್ಟೇ ಸಮತಟ್ಟು ಮಾಡಿದ್ದರು. ಅದರ ನೀರಿನಲ್ಲಿ ಬೆರಳು ಕಾಣುವುದಿರಲಿ, ಬಾಟಲಿಯನ್ನು ಕಿಟಕಿಯ ಮೇಲೆ ಇಟ್ಟು ಮರುದಿನ ನೋಡಿದರೂ ಅದು ತಿಳಿಯಾಗಿರಲಿಲ್ಲ. ತಳದಲ್ಲಿ ಮರಳು ಕುಳಿತಿತ್ತು, ಆದರೆ ಜೇಡಿಯ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲುತ್ತಲೇ ಇದ್ದವು. ಶುದ್ಧೀಕರಣ ಘಟಕದವರಿಗೆ ಹೆಚ್ಚು ಕಷ್ಟ ಕೊಡುವುದು ಈ ಕಣಗಳೇ. ರೋಗಾಣುಗಳು ಅವುಗಳಿಗೆ ಅಂಟಿಕೊಂಡು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆ. ರಂಜಕವೂ (ಫಾಸ್ಫರಸ್) ಅವುಗಳ ಜೊತೆಯಲ್ಲೇ ಜಲಾಶಯ ಸೇರುತ್ತದೆ.

ಸಿಹಿನೀರಿನ ಜಲಾಶಯಗಳಲ್ಲಿ ಪಾಚಿಯ ಬೆಳವಣಿಗೆಯನ್ನು ಸಾಮಾನ್ಯವಾಗಿ ನಿಯಂತ್ರಿಸುವ ಪೋಷಕಾಂಶ ರಂಜಕವೇ ಆಗಿರುವುದರಿಂದ, ಸ್ವಲ್ಪ ಹೆಚ್ಚಿದರೂ ಅದರ ಪರಿಣಾಮ ಎದ್ದುಕಾಣುತ್ತದೆ. ಪಾಚಿ ಹೆಚ್ಚಿದರೆ ನೀರಿನಲ್ಲಿ ಸಾವಯವ ವಸ್ತು ಹೆಚ್ಚುತ್ತದೆ. ಅದರೊಡನೆ ಕ್ಲೋರಿನ್ ಸೇರಿದಾಗ ಟ್ರೈಹ್ಯಾಲೋಮೀಥೇನ್‌ನಂಥ ಅನಪೇಕ್ಷಿತ ರಾಸಾಯನಿಕಗಳು ಉಂಟಾಗುತ್ತವೆ. ನಲ್ಲಿಯ ನೀರಿಗೆ ಕೆಲವೊಮ್ಮೆ ಬರುವ ಮಣ್ಣಿನ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಕೂಡ ಕೆಲವು ನೀಲಿ-ಹಸಿರು ಪಾಚಿಗಳಿಂದಲೇ ಬರುತ್ತದೆ, ಮತ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯುತ್ತದೆ. ಜಲಾನಯನ ಪ್ರದೇಶದ ಸುಮಾರು 10 ಶೇಕಡಾದಷ್ಟು ನೆಲ ಡಾಂಬರು, ಕಾಂಕ್ರೀಟು, ಚಾವಣಿಗಳಿಂದ ಮುಚ್ಚಿಹೋದರೆ ಹಳ್ಳಗಳ ಆರೋಗ್ಯ ಕೆಡಲು ಆರಂಭವಾಗುತ್ತದೆ, 25 ಶೇಕಡಾ ದಾಟಿದರೆ ತೀರಾ ಹದಗೆಡುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. ನಾನು ಯಾವುದೇ ಸಭೆಯಲ್ಲಿ ಮಾತಾಡುವಾಗಲೂ ಈ ಅಂಶವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಬಡಾವಣೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ನೆಲ ಮುಚ್ಚಿಹೋಗುವುದು ತಪ್ಪುವುದಿಲ್ಲ.

ಶುದ್ಧೀಕರಣ ಘಟಕವಿರುವಾಗ ಇದೆಲ್ಲ ಏಕೆ ಎಂದು ಕೇಳುವವರಿಗೆ 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಡೆದ ಘಟನೆಯನ್ನು ನೆನಪಿಸುತ್ತೇನೆ. ಅಲ್ಲಿ ಶೋಧಕ ಘಟಕವನ್ನು ದಾಟಿಬಂದ ಕ್ರಿಪ್ಟೋಸ್ಪೊರಿಡಿಯಂ ಎಂಬ, ಕ್ಲೋರಿನ್‌ಗೆ ಜಗ್ಗದ ಪರಾವಲಂಬಿಯಿಂದ ಸುಮಾರು 4 ಲಕ್ಷ ಜನ ಕಾಯಿಲೆ ಬಿದ್ದರೆಂದು ಅಂದಾಜಿಸಲಾಗಿದೆ. ಘಟಕ ಬೇಕು, ಭೂಮಿಯ ರಕ್ಷಣೆಯೂ ಬೇಕು. ಒಂದು ಸೋತ ದಿನ ಇನ್ನೊಂದು ಕಾಯಬೇಕು.

ಇಷ್ಟನ್ನು ಗಮನದಲ್ಲಿಟ್ಟುಕೊಂಡು ನಾವು ಹಿಡುವಳಿಗಳಿಗೆ ಅಂಕ ಕೊಟ್ಟೆವು. ಹಳ್ಳಕ್ಕೆ ತಾಗಿರುವ, ಕಡಿದಾದ ಇಳಿಜಾರಿನ, ತೆಳುವಾದ ಮಣ್ಣಿನ ಭೂಮಿಗೆ ಹೆಚ್ಚು ಅಂಕ. ರಸ್ತೆಗೆ ಮುಖವಿದ್ದು ಬೇಗನೆ ಮಾರಾಟವಾಗಬಲ್ಲ ಭೂಮಿಗೆ ಇನ್ನೂ ಹೆಚ್ಚು. ಯಾರೂ ಕಟ್ಟಲು ಹೋಗದ ದೊಡ್ಡ ಗುಡ್ಡವನ್ನು ಅಗ್ಗಕ್ಕೆ ಕೊಂಡು ಎಕರೆಗಳ ಲೆಕ್ಕ ಹೆಚ್ಚಿಸಿಕೊಳ್ಳುವುದು ಸುಲಭ, ದಾನಿಗಳಿಗೂ ಅದು ಹಿಡಿಸುತ್ತದೆ. ಆದರೆ ಹಳ್ಳದ ಬಾಯಲ್ಲಿರುವ ಎರಡು ಎಕರೆಯನ್ನು ದುಬಾರಿ ಬೆಲೆಗೆ ಕೊಳ್ಳುವುದೇ ಹಲವು ಬಾರಿ ನೀರಿಗೆ ಹೆಚ್ಚು ಉಪಯೋಗಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಮಾಲೀಕರ ಮಾತು. ಜಲಾಶಯಗಳ ಸುತ್ತ ಬದುಕುವವರಲ್ಲಿ ಹಳೆಯ ನೋವು ಇರುತ್ತದೆ. ಅಣೆಕಟ್ಟು ಕಟ್ಟುವಾಗ ಊರು ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಅವರು. ಬಾಸ್ಟನ್ನಿಗೆ ನೀರು ಕೊಡುವ ಕ್ವಾಬಿನ್ ಜಲಾಶಯಕ್ಕಾಗಿ 1938ರಲ್ಲಿ ನಾಲ್ಕು ಊರುಗಳನ್ನೇ ಆಡಳಿತ ನಕ್ಷೆಯಿಂದ ಅಳಿಸಲಾಯಿತು. ಪೇಟೆಯವರ ನೀರಿಗಾಗಿ ಮತ್ತೊಮ್ಮೆ ತಮ್ಮ ಭೂಮಿಗೆ ಕೈ ಹಾಕಲು ಬಂದಿದ್ದಾರೆಂದು ಅವರು ಅನುಮಾನಿಸುವುದು ನ್ಯಾಯವೇ ಆಗಿದೆ. ಆದ್ದರಿಂದ ನಾವು ಬಲವಂತದ ಭೂಸ್ವಾಧೀನದ ಮಾತನ್ನೇ ಎತ್ತುವುದಿಲ್ಲ. ನ್ಯೂಯಾರ್ಕ್ ನಗರವು 1997ರಲ್ಲಿ ತನ್ನ ಜಲಾನಯನ ಪ್ರದೇಶದ ಊರುಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಇದೇ ನಿಯಮವಿದೆ: ಮಾರಲು ಮನಸ್ಸಿರುವವರಿಂದ ಮಾತ್ರ ಖರೀದಿ, ಮಾರುಕಟ್ಟೆಯ ಬೆಲೆ, ಮತ್ತು ಕೊಂಡ ಭೂಮಿಗೆ ನಗರವೇ ಸ್ಥಳೀಯ ತೆರಿಗೆ ಕಟ್ಟಬೇಕು. ಇದರಲ್ಲಿ ತೆರಿಗೆಯ ಅಂಶವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಭೂಮಿ ಉಳಿಯಿತೆಂದು ಸ್ಥಳೀಯ ಆಡಳಿತದ ಆದಾಯ ಕುಸಿದರೆ, ಊರಿನ ಶಾಲೆ, ರಸ್ತೆಗಳ ಖರ್ಚು ಉಳಿದವರ ಮೇಲೆ ಬೀಳುತ್ತದೆ.

ಹಳ್ಳದ ಅಂಚಿನಲ್ಲಿ ಹೊಲವಿದ್ದ ಹಿರಿಯರೊಬ್ಬರು ಕರಡು ಕರಾರನ್ನು ಪೂರ್ತಿ ಓದಿಸಿಕೊಂಡು, "ಭೂಮಿ ನನ್ನದೇ ಅನ್ನುತ್ತೀರಿ, ಹಕ್ಕು ನಿಮ್ಮದು ಅನ್ನುತ್ತೀರಿ. ನಾಳೆ ನನ್ನ ಮಗ ಒಂದು ಮನೆ ಕಟ್ಟಬೇಕು ಅಂದರೆ ಯಾರನ್ನು ಕೇಳಬೇಕು?" ಎಂದು ಕೇಳಿದರು. "ಯಾರನ್ನೂ ಕೇಳುವ ಹಾಗೆ ಇರಬಾರದು ಯಜಮಾನರೇ. ಮನೆಯ ಜಾಗವನ್ನು ಈಗಲೇ ಗುರುತಿಸಿ ಕರಾರಿನಲ್ಲೇ ಬರೆದುಬಿಡೋಣ" ಎಂದೆ. ಆ ದಿನವೇ ಹೊಲದ ಮೇಲಂಚಿಗೆ ಹೋಗಿ, ಹಳ್ಳದಿಂದ ದೂರವಿರುವ, ಶೌಚಗುಂಡಿಗೆ ತಕ್ಕಷ್ಟು ಆಳವಾದ ಮಣ್ಣಿರುವ ಜಾಗವನ್ನು ಅವರೇ ತೋರಿಸಿದರು. ನಾಲ್ಕು ಮೂಲೆಗೆ ಗೂಟ ಹೊಡೆದು ಅಳತೆ ತೆಗೆದೆವು. ಆ ನಾಲ್ಕು ಗೂಟಗಳ ಒಳಗೆ ಅವರು ಮತ್ತು ಅವರ ವಾರಸುದಾರರು ಮನೆ ಕಟ್ಟಬಹುದು. ಅದರ ಹೊರಗೆ ಬೇಸಾಯ, ಮೇವು, ಮರ ಎಲ್ಲವೂ ಇರಬಹುದು, ಕಟ್ಟಡ ಮತ್ತು ನಿವೇಶನ ವಿಭಜನೆ ಮಾತ್ರ ಇಲ್ಲ. ಹಳ್ಳದ ಎರಡೂ ಬದಿಗೆ 30 ಮೀಟರು ಉಳುಮೆಯನ್ನೂ ಬಿಟ್ಟು ಮರ, ಪೊದೆ ಬೆಳೆಯಲು ಬಿಡುವುದಕ್ಕೆ ಪ್ರತ್ಯೇಕ ಪರಿಹಾರ ಕೊಟ್ಟೆವು.

ಇಂಥ ಕರಾರಿನ ಬೆಲೆಯನ್ನು ನಿಗದಿ ಮಾಡುವ ಕ್ರಮ ಸರಳವಾಗಿದೆ. ನಿರ್ಬಂಧವಿಲ್ಲದಿದ್ದರೆ ಆ ಭೂಮಿಗೆ ಏನು ಬೆಲೆ, ನಿರ್ಬಂಧ ಬಿದ್ದ ಮೇಲೆ ಏನು ಬೆಲೆ ಎಂದು ಸ್ವತಂತ್ರ ಮೌಲ್ಯಮಾಪಕರು ಹೇಳುತ್ತಾರೆ. ಎರಡರ ನಡುವಿನ ವ್ಯತ್ಯಾಸವೇ ಮಾಲೀಕರಿಗೆ ಸಿಗುವ ಹಣ. ಕಷ್ಟವಿರುವುದು ಕಾನೂನಿನ ಅಂಶಗಳಲ್ಲಿ. ಇಂಥ ಶಾಶ್ವತ ಕರಾರಿಗೆ ಎಲ್ಲ ಕಡೆಯ ಕಾನೂನಿನಲ್ಲೂ ಅವಕಾಶವಿರುವುದಿಲ್ಲ. ಕೆಲವೆಡೆ ನಿರ್ಬಂಧದ ಲಾಭ ಪಡೆಯುವವರು ಪಕ್ಕದ ಭೂಮಿಯ ಮಾಲೀಕರೂ ಆಗಿರಬೇಕಾಗುತ್ತದೆ. ಅಂಥ ಕಡೆ ಮೊದಲು ಹಳ್ಳದ ಗುಂಟ ಸಣ್ಣ ಪಟ್ಟಿಯನ್ನು ನೀರು ಮಂಡಳಿಯ ಹೆಸರಿಗೆ ಕೊಂಡು, ಆ ಪಟ್ಟಿಯ ಪ್ರಯೋಜನಕ್ಕಾಗಿ ಸುತ್ತಲಿನ ಭೂಮಿಯ ಮೇಲೆ ನಿರ್ಬಂಧ ಬರೆಸಿಕೊಳ್ಳುವ ಸಾಧ್ಯತೆಯನ್ನು ವಕೀಲರೊಡನೆ ಚರ್ಚಿಸಬೇಕು.

ಮತ್ತೊಂದು ವಿಷಯವನ್ನು ಈ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಭೂಮಿಯ ಮೇಲೆ ಸಾಲವಿದ್ದರೆ, ನಿಮ್ಮ ಕರಾರು ತನ್ನ ಅಡಮಾನಕ್ಕಿಂತ ಮೇಲೆಂದು ಸಾಲ ಕೊಟ್ಟ ಬ್ಯಾಂಕು ಬರೆದುಕೊಡಬೇಕು. ಇಲ್ಲದಿದ್ದರೆ ಸಾಲ ತೀರದೆ ಭೂಮಿ ಹರಾಜಾದ ದಿನ ನಿರ್ಬಂಧವೂ ಅಳಿಸಿಹೋಗುವ ಅಪಾಯವಿದೆ. ಹಾಗೆಯೇ, ಪಾಲು ಹಂಚಿಕೆಯಾಗದ ಕುಟುಂಬದ ಭೂಮಿಯಾದರೆ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರ ಸಹಿ ಬೇಕು. ಸಹಿಗೆ ಮೊದಲು ಭೂಮಿಯ ಆಗಿನ ಸ್ಥಿತಿಯನ್ನು ಫೋಟೊ, ನಕ್ಷೆ, ಅಳತೆಗಳೊಂದಿಗೆ ದಾಖಲಿಸಿ, ಅದಕ್ಕೂ ಮಾಲೀಕರ ಸಹಿ ಪಡೆಯಬೇಕು. ಮುಂದೆ ವಿವಾದ ಬಂದರೆ ನ್ಯಾಯಾಲಯ ಮೊದಲು ಕೇಳುವುದು, ಅಲ್ಲಿ ಹಿಂದೆ ಏನಿತ್ತು ಎಂಬುದನ್ನೇ.

ಹಣವನ್ನು ಮೂರು ಕಡೆಯಿಂದ ಹೊಂದಿಸಿದೆವು: ದಾನ, ಸರ್ಕಾರಿ ಅನುದಾನ ಮತ್ತು ನೀರಿನ ಬಿಲ್ಲಿನಲ್ಲಿ ಸೇರುವ ಸಣ್ಣ ಮೊತ್ತ. ಕೊನೆಯದಕ್ಕೆ ನೀರು ಮಂಡಳಿಯನ್ನು ಒಪ್ಪಿಸುವುದೇ ನಿಧಾನದ ಕೆಲಸವಾಗಿತ್ತು. ಅಲ್ಲಿ ಪ್ರಕೃತಿಯ ಚೆಲುವಿನ ಮಾತಿಗಿಂತ ಘಟಕದ ದಿನಚರಿ ಪುಸ್ತಕ ಹೆಚ್ಚು ಕೆಲಸ ಮಾಡಿತು. ಕದಡಿದ ನೀರು ಬಂದ ದಿನಗಳಲ್ಲಿ ಕೆಸರನ್ನು ತಳಕ್ಕೆ ಕೂರಿಸುವ ಆಲಂ ಅನ್ನು ಎಷ್ಟು ಹೆಚ್ಚು ಸುರಿಯಬೇಕಾಯಿತು, ಶೋಧಕಗಳನ್ನು ಎಷ್ಟು ಬಾರಿ ಹೆಚ್ಚಾಗಿ ತೊಳೆಯಬೇಕಾಯಿತು ಎಂಬುದನ್ನು ಅವರದೇ ಸಿಬ್ಬಂದಿ ಬರೆದಿಟ್ಟಿದ್ದರು. ಆ ಲೆಕ್ಕವನ್ನು ಮಳೆಯ ಲೆಕ್ಕದ ಪಕ್ಕದಲ್ಲಿಟ್ಟು, ಮೇಲ್ಭಾಗದಲ್ಲಿ ನೆಲ ಅಗೆದ ಅವಧಿಯನ್ನು ಗುರುತು ಮಾಡಿ ತೋರಿಸಿದಾಗ ಸಭೆಯಲ್ಲಿದ್ದ ಎಂಜಿನಿಯರುಗಳೇ ನಮ್ಮ ಪರವಾಗಿ ಮಾತಾಡಿದರು. ನ್ಯೂಯಾರ್ಕಿನಲ್ಲೂ ವಾದ ಗೆದ್ದದ್ದು ಬಹುಮಟ್ಟಿಗೆ ಲೆಕ್ಕದಿಂದಲೇ. ಶೋಧಕ ಘಟಕ ಕಟ್ಟಲು ನೂರಾರು ಕೋಟಿ ಡಾಲರು ಬೇಕಾಗುತ್ತಿದ್ದಾಗ, ಭೂಮಿ ಕೊಳ್ಳುವುದು, ಊರುಗಳ ಶೌಚಗುಂಡಿಗಳನ್ನು ಸರಿಪಡಿಸುವುದು ಮತ್ತು ರೈತರಿಗೆ ನೆರವಾಗುವುದು ಅದಕ್ಕಿಂತ ಬಹಳ ಕಡಿಮೆ ಖರ್ಚಿನದಾಗಿತ್ತು.

ಒಟ್ಟುಗೂಡಿಸಿದ ಹಣದಲ್ಲಿ ಒಂದು ಪಾಲನ್ನು ಮುಟ್ಟದೆ ಠೇವಣಿಯಾಗಿಡುತ್ತೇವೆ. ಅದರ ಬಡ್ಡಿಯಿಂದ ಪ್ರತಿವರ್ಷದ ತಪಾಸಣೆಯ ಮತ್ತು ಬೇಕಾದರೆ ಮೊಕದ್ದಮೆಯ ಖರ್ಚು ನಡೆಯುತ್ತದೆ. ಈ ಏರ್ಪಾಡಿಲ್ಲದೆ ಶಾಶ್ವತ ಕರಾರಿಗೆ ಸಹಿ ಹಾಕುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ. ಕರಾರು ಉಲ್ಲಂಘನೆಯಾಗುವ ಸಂಭವ ಹೆಚ್ಚಿರುವುದು ಭೂಮಿ ಕೈ ಬದಲಾದಾಗ. ಕೊಂಡವರು ಕರಾರನ್ನು ಓದಿಯೇ ಇರುವುದಿಲ್ಲ. ಆದ್ದರಿಂದ ಕ್ರಯಪತ್ರ ನೋಂದಣಿಯಾದ ಸುದ್ದಿ ತಿಳಿದ ಕೂಡಲೇ ಹೊಸ ಮಾಲೀಕರ ಮನೆಗೆ ಹೋಗಿ, ನಕ್ಷೆಯನ್ನು ಹರಡಿ, ಏನು ಮಾಡಬಹುದು ಎಂಬುದನ್ನು ಮೊದಲು ಹೇಳುತ್ತೇವೆ, ಏನು ಮಾಡಬಾರದು ಎಂಬುದನ್ನು ಆಮೇಲೆ. ಹಳ್ಳದಂಚಿನಲ್ಲಿ ಶೆಡ್ಡಿಗೆ ಪಾಯ ತೆಗೆದಿದ್ದ ಮಾಲೀಕರೊಬ್ಬರು ಇಂಥ ಮಾತುಕತೆಯ ನಂತರ ಪಾಯವನ್ನು ಮುಚ್ಚಿ, ಶೆಡ್ಡನ್ನು ಗುರುತಿಸಿದ ಜಾಗಕ್ಕೆ ಬದಲಾಯಿಸಿದರು. ಈಗ ಹಳ್ಳದ ಮೇಲ್ಭಾಗದ ಎರಡು ಹಿಡುವಳಿಗಳ ಮಾತುಕತೆ ನಡೆಯುತ್ತಿದೆ. ಒಂದಕ್ಕೆ ಬ್ಯಾಂಕಿನ ಒಪ್ಪಿಗೆ ಬರಬೇಕು, ಇನ್ನೊಂದರಲ್ಲಿ ಅಣ್ಣತಮ್ಮಂದಿರ ಪಾಲು ತೀರ್ಮಾನವಾಗಬೇಕು. ಎರಡೂ ಕಡೆ ಮೌಲ್ಯಮಾಪನ ಮುಗಿದಿದೆ.